ಹುಳು ಹಣ್ಣಾದ ದಿನ ಬಿಟ್ಟ ಕೋಳಿಗಳು

ಇವತ್ತು ಎದ್ದ ಮೇಲೆ ಮಾಡಿದ ಕೆಲಸಗಳು ಇವು. ಅಂಗಳ ಗುಡಿಸಿ ಸಗಣಿ ನೀರು ಹಾಕಿದೆ. ಅತ್ತೆಗೆ ಬಿಸಿನೀರು ಕಾಯಿಸಿ ಕೊಟ್ಟೆ. ಇವರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು, ಡೈರಿಗೆ ಹಾಕಿ ಬಂದೆ. ಮೊಳಕೆ ಬಂದಿದ್ದ ಹುರುಳಿಯ ಬಟ್ಟೆ ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟೆ. ಕಟಿಂಗ್ ಪ್ಲೇಯರ್ ಹುಡುಕಿ ಕೋಳಿ ಪಂಜರದ ಕಂಬಿ ಬಲೆಯನ್ನು ನಾಲ್ಕೂ ಕಡೆ ಬಿಚ್ಚಿ ಹಾಕಿದೆ. ಎಂಟು ಕೋಳಿಯನ್ನೂ ಹೊರಗೆ ಬಿಟ್ಟೆ. ಆಮೇಲೆ ಕೂತು ಕಾಫಿ ಕುಡಿದೆ.

ಪಂಜರ ಬಿಚ್ಚುವುದಿರಲಿ, ಅದರ ಬಾಗಿಲು ಕೂಡ ತೆಗೆಯಬಾರದೆಂದು ಬಾವ ಹೇಳಿದ್ದರು. ಅದರಲ್ಲೂ ಇವತ್ತು ತೆಗೆಯಲೇಬಾರದು, ರೇಷ್ಮೆ ಹುಳು ಹಣ್ಣಾಗಿರುವ ದಿನ ಅಂದಿದ್ದರು.

ಬಾವ ಅಂದರೆ ಇವರ ಅಣ್ಣ. ಮಾಂಬಳ್ಳಿಯಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ಎಡಗಡೆಯದರಲ್ಲಿ ನಾವಿಬ್ಬರೂ ಅತ್ತೆಯೂ ಇದ್ದೇವೆ. ಬಲಗಡೆಯದರ ಮುಂದಿನ ಕೋಣೆಯಲ್ಲಿ ಬಾವ ಮಲಗುತ್ತಾರೆ, ಉಳಿದ ಮನೆಯೆಲ್ಲ ರೇಷ್ಮೆ ಹುಳುವಿನದು. ಅವರ ಹೆಂಡತಿ ತೀರಿಕೊಂಡ ಮೇಲೆ ಅವರ ಊಟ ನಮ್ಮಲ್ಲೇ. ಇವರು ಬಸ್ ಡ್ರೈವರ್, ಕೊಳ್ಳೇಗಾಲದಿಂದ ಮಾದೇಶ್ವರನ ಬೆಟ್ಟದ ರೂಟು. ಮನೆಯಲ್ಲಿ ಯಾವತ್ತು ಜಗಳ ಎದ್ದರೂ ಅವತ್ತು ಇವರಿಗೆ ಡ್ಯೂಟಿ ಇರುತ್ತದೆ.

ಕೋಳಿಗಳು ನನ್ನವು. ಮದುವೆಯಾಗಿ ಬಂಡಳ್ಳಿಯಿಂದ ಬರುವಾಗ ಅವ್ವ ಒಂದು ಬೂದು ಹ್ಯಾಟೆಯನ್ನು ಮಂಕರಿಯಲ್ಲಿ ಕೂರಿಸಿ, ಮೇಲೆ ಹಳೆ ಸೀರೆ ಬಿಗಿದು, ನನ್ನ ಜೊತೆಗೆ ಬಸ್ಸು ಹತ್ತಿಸಿದ್ದಳು. ಅದಾಗಿ ಇಪ್ಪತ್ತಾರು ವರ್ಷ. ಈಗಿರುವ ಏಳು ಹ್ಯಾಟೆ, ಒಂದು ಹುಂಜ, ಎಲ್ಲ ಅದರ ಸಂತಾನವೇ. ಬಣ್ಣ ಬದಲಾಗಿದೆ, ಬುದ್ಧಿ ಬದಲಾಗಿಲ್ಲ. ತವರಿನಿಂದ ಬಂದ ಕೋಳಿಯ ಮೇಲೆ ಗಂಡನ ಮನೆಯವರು ಕೈ ಹಾಕುವುದಿಲ್ಲ. ಹಬ್ಬಕ್ಕೆ ಕುಯ್ಯಬೇಕಾದರೂ ನನ್ನನ್ನು ಕೇಳಿಯೇ ಕುಯ್ಯುತ್ತಿದ್ದರು, ಮಾವನವರು ಇದ್ದಾಗ ಅವರೂ ಕೂಡ.

ನಾನು ಅವಕ್ಕೆ ಹಾಕುವುದು ದಿನಕ್ಕೆ ಎರಡು ಹಿಡಿ. ಬೆಳಿಗ್ಗೆ, ರಾತ್ರಿ ಅವನ್ನು ಮುಚ್ಚಿಟ್ಟ ಮಂಕರಿ ಎತ್ತಿದಾಗ ಜರಡಿಯಲ್ಲಿ ಉಳಿದ ರಾಗಿ, ಸಂಜೆ ಹಿಂದಿರುಗಿ ಬಂದಾಗ ಅಕ್ಕಿನುಚ್ಚು. ಮಿಕ್ಕದ್ದನ್ನು ಅವೇ ನೋಡಿಕೊಳ್ಳುತ್ತವೆ. ಬೇಲಿಯ ಬುಡದ ಗೆದ್ದಲು, ಹಸುವಿನ ಗೊಂತಿನ ಕಾಳು, ಗರಿಕೆಯ ಕುಡಿ, ಮಳೆ ಬಂದ ಮಾರನೆಯ ದಿನ ಎರೆಹುಳು. ಇವೆಲ್ಲಕ್ಕಿಂತ ಹೆಚ್ಚಾಗಿ ಹೊಲದಂಚಿನ ತಿಪ್ಪೆ. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪಿನ ಕಡ್ಡಿ, ಹಿಕ್ಕೆ ಎಲ್ಲ ಅಲ್ಲಿಗೇ ಬೀಳುತ್ತದೆ. ಅದನ್ನು ಕೆರೆದು ಕೋಳಿ ಹೆಕ್ಕುವುದು ಊಜಿ ನೊಣದ ಮರಿಯನ್ನು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿಂದಲೇ ತಿನ್ನುವ ನೊಣ ಅದು, ಬಾವನ ಪರಮ ಶತ್ರು. ಆ ಶತ್ರುವನ್ನು ನನ್ನ ಕೋಳಿ ತಿನ್ನುವಾಗ ಯಾರೂ ಬಂದು ಉಪಕಾರ ಅನ್ನಲಿಲ್ಲ.

ಹೊರಗೆ ಬಿಟ್ಟರೆ ನಷ್ಟವಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮೂರು ಪಿಳ್ಳೆ ಹದ್ದಿನ ಪಾಲಾದವು, ಒಂದು ಎಳೆ ಹ್ಯಾಟೆಯನ್ನು ಮುಂಗುಸಿ ಹಿಡಿಯಿತು. ಅವತ್ತು ನಾನೂ ಊಟ ಬಿಟ್ಟವಳೇ. ಆದರೂ ಮಾರನೆಯ ಬೆಳಿಗ್ಗೆ ಮಂಕರಿ ಎತ್ತಿದೆ.

ಈಗ ನನ್ನ ತಪ್ಪನ್ನು ಬರೆಯುತ್ತೇನೆ, ಯಾಕೆಂದರೆ ಜಗಳ ಶುರುವಾದದ್ದು ಅಲ್ಲಿಂದ. ಹುಳು ಮನೆಯಲ್ಲಿ ಬೆಳಿಗ್ಗೆ ತಟ್ಟೆ ಸೋಸುವ ಕೆಲಸ ನನ್ನದು. ಜೊತೆಯವೆಲ್ಲ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿರುವಾಗ, ಪೊರೆ ಬಿಡದೆ ಸಣ್ಣಗೆ ಉಳಿದುಬಿಡುವ ಹುಳುಗಳಿರುತ್ತವೆ. ಅವನ್ನು ಆರಿಸಿ ಸುಣ್ಣದ ಗುಂಡಿಗೆ ಹಾಕಬೇಕು. ನಾನು ಹಾಕುತ್ತಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಬಾ ಬಾ ಬಾ ಅಂತ ಕೂಗಿ, ಅಂಗಳದಲ್ಲಿ ಚೆಲ್ಲುತ್ತಿದ್ದೆ. ಕೋಳಿಗಳು ಓಡಿ ಬರುವ ಚಂದಕ್ಕೆ ಸೋತೆ ಅಂತಲೇ ಇಟ್ಟುಕೊಳ್ಳಿ. ಹೀಗೆ ಒಂದು ವರ್ಷ ನಡೆಯಿತು. ಬಿಸಾಡುವ ಹುಳು ಯಾವುದು, ಮನೆಯ ಹುಳು ಯಾವುದು ಎಂದು ಕೋಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಹಿಂದಿನ ಬೆಳೆ ಹಣ್ಣಾದಾಗ, ಅಂದರೆ ಹುಳುಗಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ನೂಲು ಬಿಡಲು ತಯಾರಾದಾಗ, ಬಾವ ಅವನ್ನು ಚಂದ್ರಿಕೆಗಳ ಮೇಲೆ ಬಿಟ್ಟಿದ್ದರು. ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿದ ದೊಡ್ಡ ತಟ್ಟಿ ಅದು, ಅದರ ಸಂದಿಯಲ್ಲಿ ಕೂತು ಹುಳು ಗೂಡು ಕಟ್ಟುತ್ತದೆ. ಮನೆಯೊಳಗೆ ಹಿಡಿಸದ ಹನ್ನೆರಡು ಚಂದ್ರಿಕೆಗಳನ್ನು ಅಂಗಳದ ಗೋಡೆಗೆ ಓರೆಯಾಗಿ ನಿಲ್ಲಿಸಿದ್ದರು. ನಾನು ಅದನ್ನು ಗಮನಿಸದೆ ಸಂಜೆಯ ನುಚ್ಚಿಗೆ ಎಂದಿನ ಹಾಗೆ ಕೂಗು ಹಾಕಿದೆ. ಓಡಿ ಬಂದ ಕೋಳಿಗಳು ನುಚ್ಚನ್ನು ನೋಡಲೇ ಇಲ್ಲ. ಗೋಡೆಗೆ ಸಾಲಾಗಿ ಇಷ್ಟೊಂದು ಹುಳು ಬಡಿಸಿಟ್ಟಿರುವಾಗ ನುಚ್ಚು ಯಾರಿಗೆ ಬೇಕು. ನಾನು ಪೊರಕೆ ಹಿಡಿದು ಓಡುವಷ್ಟರಲ್ಲಿ ಎರಡು ಚಂದ್ರಿಕೆ ಅರ್ಧಕ್ಕರ್ಧ ಖಾಲಿಯಾಗಿದ್ದವು.

ಬಾವ ಕೂಗಾಡಲಿಲ್ಲ. ಮೂರು ದಿನ ಬಿಟ್ಟು ಕೊಳ್ಳೇಗಾಲದಿಂದ ಗೂಡ್ಸ್ ಆಟೊದಲ್ಲಿ ಒಂದು ಪಂಜರ ಇಳಿಸಿದರು. ಕಬ್ಬಿಣದ ಚೌಕಟ್ಟು, ಅದಕ್ಕೆ ಬೈಂಡಿಂಗ್ ವೈರಿನಲ್ಲಿ ಕಟ್ಟಿದ ಕಂಬಿ ಬಲೆ. ಜೊತೆಗೆ ಒಂದು ಮೂಟೆ ಕಂಪನಿ ಫೀಡು. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಕೋಳಿಗಳು ಸಾಲಾಗಿ ಕತ್ತು ಹೊರಗೆ ಹಾಕಿ ತಿನ್ನುತ್ತಿದ್ದವು, ಹಿಂದಿನಿಂದ ಸಿನಿಮಾ ಹಾಡು ಬರುತ್ತಿತ್ತು. ಕೂಡಿಹಾಕಿ ಸಾಕಿದರೆ ಮೊಟ್ಟೆ ಹೆಚ್ಚು, ಹದ್ದಿನ ಕಾಟವಿಲ್ಲ, ಹುಳುವಿಗೂ ಭಯವಿಲ್ಲ ಅಂದರು. ತಪ್ಪು ನನ್ನದಿತ್ತು. ನಾನು ಎದುರು ಮಾತಾಡದೆ ಎಂಟನ್ನೂ ಹಿಡಿದು ಒಳಗೆ ಬಿಟ್ಟೆ. ಅವತ್ತಿನಿಂದ ಬಿಸಾಡುವ ಹುಳುಗಳು ಸುಣ್ಣದ ಗುಂಡಿಗೇ ಹೋಗುತ್ತಿವೆ, ಅದರಲ್ಲಿ ಮೋಸವಿಲ್ಲ.

ಮೂವತ್ತನಾಲ್ಕು ದಿನ ಕೂಡಿಹಾಕಿ ನೋಡಿದೆ. ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದೆ ಅಂತ ಯಾರೂ ಅನ್ನಬಾರದು. ಮೂಟೆಯ ಮೇಲೆ ಬರೆದ ಹಾಗೆ ಅಳತೆ ಮಾಡಿ ಫೀಡು ಹಾಕಿದೆ. ದಿನಾ ಎರಡು ಸಲ ನೀರು ಬದಲಿಸಿದೆ, ಕೆಳಗೆ ಬೂದಿ ಹರಡಿದೆ. ನುಗ್ಗೆಸೊಪ್ಪನ್ನು ಕಟ್ಟು ಮಾಡಿ ಕಂಬಿಗೆ ನೇತುಹಾಕಿದೆ, ಕೆರೆಯಲಿ ಅಂತ ಒಂದು ಮಂಕರಿ ಮಣ್ಣು ಸುರಿದೆ. ಕ್ಯಾಲೆಂಡರಿನ ಚೌಕದಲ್ಲಿ ಮೊಟ್ಟೆಗೊಂದು ಗೀಟು ಎಳೆಯುವುದು ನನ್ನ ಅಭ್ಯಾಸ. ಮೊದಲು ದಿನಕ್ಕೆ ನಾಲ್ಕು ಗೀಟು ಇರುತ್ತಿತ್ತು. ಎರಡನೆಯ ವಾರಕ್ಕೆ ಎರಡಾಯಿತು, ಆಮೇಲೆ ಖಾಲಿ ಚೌಕಗಳೇ ಸಾಲಾದವು. ಇಟ್ಟ ಮೊಟ್ಟೆಯನ್ನೂ ಅವೇ ಕುಕ್ಕಿ ಕುಡಿದವು. ಹಳದಿ ಕಾಲಿನ ಹ್ಯಾಟೆಯ ಬೆನ್ನಿನ ಪುಕ್ಕವನ್ನು ಉಳಿದವು ಕಿತ್ತು ಕಿತ್ತು ಚರ್ಮ ಕಾಣುವ ಹಾಗೆ ಮಾಡಿದವು. ಕೆಲಸವಿಲ್ಲದ ಕೊಕ್ಕು ಪಕ್ಕದವರ ಮೇಲೆ ಹೋಗುತ್ತದೆ, ಅದು ಕೋಳಿಗೊಂದೇ ಬಂದ ರೋಗವಲ್ಲ.

ಕೂಡಿ ಸಾಕುವುದೇ ಪಾಪ ಅಂತ ನಾನು ಹೇಳುತ್ತಿಲ್ಲ. ಫಾರಂ ಕೋಳಿ ಹುಟ್ಟುವುದೇ ಒಳಗೆ, ಅದಕ್ಕೆ ಹೊರಗೆ ಬಿಟ್ಟರೆ ದಿಕ್ಕು ತಿಳಿಯುವುದಿಲ್ಲ. ನನ್ನವು ಹಾಗಲ್ಲ. ಊರಗಲ ತಿರುಗಿ ಹೊತ್ತು ಮುಳುಗುವ ಮುಂಚೆ ಒಂದೂ ತಪ್ಪದೆ ಮನೆಗೆ ಬರುವ ಜಾತಿ.

ನಾನು ನಿರ್ಧಾರ ಮಾಡಿದ್ದು ಬೂದು ಹ್ಯಾಟೆಯ ದೆಸೆಯಿಂದ. ಅವ್ವ ಕೊಟ್ಟ ಕೋಳಿಯ ಬಣ್ಣ ಈಗ ಉಳಿದಿರುವುದು ಅದೊಂದರಲ್ಲೇ. ಪಂಜರದ ಮೂಲೆಯಲ್ಲಿ ಅದು ಕಾವಿಗೆ ಕೂತಿತು. ಪಕ್ಕದ ಬೀದಿಯಿಂದ ಒಂಬತ್ತು ಮೊಟ್ಟೆ ತಂದು, ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟು ಕೂರಿಸಿದೆ. ಗುಡುಗು ಬರಲಿಲ್ಲ. ಹನ್ನೊಂದನೆಯ ದಿನ ಉಳಿದ ಕೋಳಿಗಳೇ ಬುಟ್ಟಿಗೆ ನುಗ್ಗಿ ಒಂಬತ್ತನ್ನೂ ತುಳಿದು ಒಡೆದವು. ಬೂದು ಹ್ಯಾಟೆ ಆ ಒದ್ದೆ ಹುಲ್ಲಿನ ಮೇಲೆಯೇ ಎರಡು ದಿನ ಕೂತಿತ್ತು.

ಬಾವನಿಗೆ ಹೇಳಿದೆ, ಇವು ಕೂಡಿದರೆ ಬದುಕುವ ಕೋಳಿಗಳಲ್ಲ ಅಂತ. ಅವರು, ಹಾಗಾದರೆ ಮಾರಿಬಿಡು, ಸೋಮವಾರ ಕೊಳ್ಳೇಗಾಲದ ಕೋಳಿ ಅಂಗಡಿಯವನು ಈ ಕಡೆ ಬರುತ್ತಾನೆ, ನಾನು ಮಾತಾಡಿದ್ದೀನಿ ಅಂದರು. ನನ್ನನ್ನು ಕೇಳದೆ ಮಾತಾಡಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಸಂಜೆ ಇವರು ಬಂದ ಮೇಲೆ ಹೇಳಿದೆ. ಇವರು ಯೂನಿಫಾರಂ ಬಿಚ್ಚುತ್ತಾ, "ಅಣ್ಣನ ಕುಟ್ಟೆ ನೀನೇ ಮಾತಾಡು, ಬೆಟ್ಟದ ತಿರುವು ತಿರುಗ್ಸದೇ ನಂಗ ಸಾಕಾಗದ" ಅಂದರು. ಸರಿ, ಹಾಗೇ ಆಗಲಿ ಅಂತ ನಾನೂ ಬಿಟ್ಟೆ.

ನಿನ್ನೆ ಸಂಜೆಯಿಂದ ಹುಳು ಹಣ್ಣಾಗತೊಡಗಿತು. ಇವತ್ತು ಸೋಮವಾರ. ಬೆಳಿಗ್ಗೆ ಬಾವ ಹನ್ನೆರಡು ಚಂದ್ರಿಕೆಗಳನ್ನು ಗೋಡೆಗೆ ನಿಲ್ಲಿಸಿ, ಹಿಂದುಳಿದ ಹುಳುವಿಗೆ ಸೊಪ್ಪು ತರಲು ಮೊಪೆಡ್ಡಿನಲ್ಲಿ ತೋಟಕ್ಕೆ ಹೋದರು. ನಾನು ಎಂಟು ಕೋಳಿಯನ್ನೂ ಹಿಡಿದು ಪಂಜರದ ಪಕ್ಕದಲ್ಲೇ ಮಂಕರಿಯ ಕೆಳಗೆ ಮುಚ್ಚಿ, ಪ್ಲೇಯರ್ ತೆಗೆದುಕೊಂಡೆ. ಬಲೆಯನ್ನು ಒಂದೊಂದಾಗಿ ಬಿಚ್ಚಿ ತಂದು ಚಂದ್ರಿಕೆಗಳ ಮುಂದೆ ಸಾಲಾಗಿ ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ಬಿಗಿದೆ. ಎರಡು ತುದಿಯನ್ನೂ ಗೋಡೆಯ ಮೊಳೆಗೆ ಕಟ್ಟಿದೆ. ನಾಟಿ ಕೋಳಿ ಹಾರುತ್ತದೆ, ಅದಕ್ಕೆ ಮೇಲುಗಡೆ ಊಜಿ ನೊಣಕ್ಕೆಂದು ಇಟ್ಟಿದ್ದ ಹಳೆಯ ನೈಲಾನ್ ಪರದೆ ಹೊದಿಸಿದೆ. ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆ ಅಗಿಯುತ್ತಾ ನೋಡುತ್ತಿದ್ದರು. ಪರದೆಯ ಒಂದು ಮೂಲೆ ಜಾರಿದಾಗ ಊರುಗೋಲಿನಿಂದ ಒತ್ತಿ ಹಿಡಿದರು.

ಎಲ್ಲ ಮುಗಿದ ಮೇಲೆ ಮಂಕರಿ ಎತ್ತಿದೆ. ಕೋಳಿಗಳಿಗೆ ಹೊರಗೆ ಬಂದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಖಾಲಿ ಚೌಕಟ್ಟಿನ ಪಕ್ಕದಲ್ಲೇ ನಿಂತಿದ್ದವು. ಆಮೇಲೆ ಹುಂಜ ರೆಕ್ಕೆ ಬಡಿಯಿತು. ಎಲ್ಲವೂ ಸೀದಾ ಗೋಡೆಯ ಕಡೆಗೇ ನಡೆದವು. ನಾನು ಪೊರಕೆ ಹಿಡಿದುಕೊಂಡೆ. ಕಂಬಿಗೆ ಕೊಕ್ಕು ತಾಗಿಸಿ ನೋಡಿದವು, ಆ ತುದಿಯಿಂದ ಈ ತುದಿಗೆ ನಡೆದವು. ಹಳದಿ ಕಾಲಿನದು ಒಂದು ಸಲ ಹಾರಿ, ಪರದೆಗೆ ತಾಗಿ ಕೆಳಗೆ ಬಿತ್ತು. ಬೂದು ಹ್ಯಾಟೆ ಎಲ್ಲಕ್ಕಿಂತ ಮೊದಲು ಆಸೆ ಬಿಟ್ಟು ತಿಪ್ಪೆಯ ದಾರಿ ಹಿಡಿಯಿತು. ಉಳಿದವು ಅದರ ಹಿಂದೆ ಹೋದವು.

ಬಾವ ಸೊಪ್ಪಿನ ಹೊರೆ ಇಳಿಸುವುದಕ್ಕೂ ಮುಂಚೆ ಖಾಲಿ ಚೌಕಟ್ಟನ್ನು ನೋಡಿದರು.

"ಪಂಜರ ಯಾರು ಬಿಚ್ದವ್ರು?"

"ನಾನೇಯ ಬಾವ."

"ಉಳ ಹಣ್ಣಾಗಿರ ದಿನ್ವೇ ಕೋಳಿ ಬುಟ್ಟಿದಿಯಲ್ಲವ್ವ, ಬುದ್ಧಿ ನೆಟ್ಟಗದಾ ನಿಂಗ?"

ಅವರ ಎದುರು ನಿಂತು ನಾನು ಮಾತಾಡಿದವಳಲ್ಲ. ಇವತ್ತು ಸೆರಗು ಸರಿಮಾಡಿಕೊಂಡು ಅಲ್ಲೇ ನಿಂತೆ. "ನೆಟ್ಟಗದ ಬಾವ. ಉಳ ಇನ್ನು ಮೂರು ದಿನ ಕೂತಲ್ಲಿಂದ ಏಳಕಿಲ್ಲ. ಕೂತಿರದ್ನ ಕೂಡಾಕಿವ್ನಿ, ತಿರುಗದ್ನ ಬುಟ್ಟಿವ್ನಿ. ಒಂದು ಉಳ ಕಮ್ಮಿಯಾದ್ರೂ ನನ್ನ ಕೇಳಿ. ಕೋಳಿ ಮಾತ್ರ ನಮ್ಮವ್ವ ಕೊಟ್ಟವು, ಅಂಗಡಿಯವ್ನಿಗ ಬರಬೇಡ ಅಂತ ನೀವೇ ಹೇಳಿ."

ಬಾವ ತಾಯಿಯ ಕಡೆ ನೋಡಿದರು. ಅತ್ತೆ ಬಾಯಿಯ ಎಲೆಯಡಿಕೆ ಉಗಿದು, "ಕೋಳಿಗ ಕಾಲಿರದು ಕೆರಿಯಕ ಕಣ್ಲಾ, ಕಂಬಿ ಮೇಲ ನಿಂತ್ಕಳಕಲ್ಲ. ಸೊಪ್ಪು ಬಾಡ್ತದ, ಒಳಿಕ್ಕ ಹಾಕು" ಅಂದರು.

ಬಾವ ಬಲೆಯನ್ನು ಹಿಡಿದು ಅಲ್ಲಾಡಿಸಿದರು. ನನ್ನ ಕಟ್ಟು ಎರಡು ಕಡೆ ಸಡಿಲವಾಗಿತ್ತು, ಅದು ನಿಜ. ಪ್ಲೇಯರ್ ಕೇಳಿ ತೆಗೆದುಕೊಂಡು ಆ ಎರಡನ್ನೂ ಬಿಗಿ ಮಾಡಿದರು. ಮಧ್ಯಾಹ್ನದವರೆಗೂ ಚಂದ್ರಿಕೆಯ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತರು. ಒಂದು ಕೋಳಿಯೂ ಆ ಕಡೆ ತಿರುಗಲಿಲ್ಲ. ಒಂದು ತಿಂಗಳಿಗೂ ಮೇಲೆ ಯಾರೂ ಕೆರೆಯದ ತಿಪ್ಪೆ ಅವಕ್ಕೆ ಹಬ್ಬವಾಗಿತ್ತು. ಈ ಬೆಳೆಯಲ್ಲಿ ಊಜಿ ಕಾಟ ಹೆಚ್ಚಾಗಿತ್ತು ಅಂತ ಬಾವನೇ ಮೊನ್ನೆ ಗೊಣಗಿದ್ದರು. ಅದಕ್ಕೂ ಪಂಜರಕ್ಕೂ ಸಂಬಂಧವಿದೆ ಅನ್ನಲು ನನ್ನ ಹತ್ತಿರ ರುಜುವಾತಿಲ್ಲ, ಆದ್ದರಿಂದ ಬಾಯಿ ಬಿಡಲಿಲ್ಲ. ಊಟದ ಹೊತ್ತಿಗೆ ಅವರೇ ಫೋನ್ ತೆಗೆದು, ಯಾರಿಗೋ, ಇವತ್ತು ಬರಬೇಡ, ಕೋಳಿ ಇಲ್ಲ ಅಂದರು.

ನಾಳೆ ಮತ್ತೆ ಕೂಡು ಅಂದರೆ ಮತ್ತೆ ಬಿಚ್ಚುತ್ತೇನೆ. ಪ್ಲೇಯರನ್ನು ಈಗ ನಮ್ಮ ಮನೆಯ ಗೋಡೆಗೂಡಿನಲ್ಲಿ, ಬೆಂಕಿಪೊಟ್ಟಣದ ಪಕ್ಕ ಇಟ್ಟಿದ್ದೇನೆ. ಹದ್ದು ಬರಲಿ, ಮುಂಗುಸಿ ಬರಲಿ, ಲೆಕ್ಕ ನನ್ನದು.

ಸಂಜೆ ನುಚ್ಚು ಹಿಡಿದು ಅಂಗಳಕ್ಕೆ ಬಂದೆ. ಬಾ ಬಾ ಅಂದೆ. ತಿಪ್ಪೆಯ ಕಡೆಯಿಂದ ಎಂಟೂ ಬಂದವು. ನುಚ್ಚು ತಿಂದವು, ಗೋಡೆಯ ಕಡೆ ಒಂದು ಸಲ ನೋಡಿದವು, ಮಂಕರಿಯ ಕೆಳಗೆ ನುಗ್ಗಿದವು. ಮಂಕರಿ ಮುಚ್ಚಿ ಮೇಲೆ ಕಲ್ಲಿಟ್ಟೆ. ಕ್ಯಾಲೆಂಡರಿನ ಇವತ್ತಿನ ಚೌಕ ಖಾಲಿಯೇ ಇದೆ. ಮೊಟ್ಟೆ ಬರಲು ದಿನ ಹಿಡಿಯುತ್ತದೆ.

ರಾತ್ರಿಗೆ ರಾಗಿ ಮುದ್ದೆ, ಮೊಳಕೆ ಹುರುಳಿಯ ಉಪ್ಸಾರು, ಒರಳಲ್ಲಿ ಅರೆದ ಖಾರ. ಬಾವ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಇವರು ಡಿಪೋದಿಂದ ಬಂದು, ಪಂಜರ ಎಲ್ಲಿ ಅಂತ ಕೇಳಿ, ಉತ್ತರಕ್ಕೆ ಕಾಯದೆ ಕೈ ತೊಳೆದರು. ಮೊದಲು ಮಲಗಿದ್ದು ಅತ್ತೆ, ಊರುಗೋಲನ್ನು ಪಕ್ಕದಲ್ಲೇ ಇಟ್ಟುಕೊಂಡು.