ವಾಸಿಯಾದವರು ಮನೆಗೆ ಹೋಗದ ದೊಡ್ಡಿ

ಖೋನ್ ಕೇನ್ ನಗರದ ಸಂಶೋಧನಾಲಯವೊಂದರ ಹಿತ್ತಲಲ್ಲಿ ಮುಂಜಾವಿನ ಬೆಳಕು ಹಿಂಜರಿಯುತ್ತಲೇ ಇಳಿಯುತ್ತಿದೆ. ಖಾಲಿ ಬಕೆಟ್ ಹಿಡಿದ ಲಮ್ಯಾಯ್ ಹಂದಿಯ ದೊಡ್ಡಿಯೆದುರು ನಿಂತಿದ್ದಾರೆ.

"ಮೂಸ್ಬೇಡ ಕಣೋ, ಏನೂ ಇಲ್ಲ. ಇವತ್ತು ನಿಂಗೆ ಉಪವಾಸ."

"ಗಂಡನ ಹತ್ರಾನೂ ಇಷ್ಟು ಮಾತಾಡ್ತೀರಾ ದೊಡ್ಡಮ್ಮ?" ಪಶುವೈದ್ಯೆ ಪಿಮ್ ಕೆಣಕುತ್ತಾರೆ.

"ಅವ್ರಿಗೆ ಉತ್ತರ ಕೊಡೋಷ್ಟು ಉಸಿರೆಲ್ಲಿದೆ ಡಾಕ್ಟರಮ್ಮ? ಇದಾದ್ರೆ ಬಾಲ ಅಲ್ಲಾಡಿಸತ್ತೆ."

ಇಲ್ಲಿ ಹಂದಿಗಳಿಗೆ ಅರಿವಳಿಕೆ ಕೊಟ್ಟು ಮೊದಲು ಹೃದಯಾಘಾತವಾಗಿಸುತ್ತಾರೆ. ಕಸಾಯಿಖಾನೆಯಿಂದ ತಂದ ಬೇರೆ ಹಂದಿಗಳ ಹೃದಯಗಳ ಜೀವಕೋಶಗಳನ್ನೆಲ್ಲ ತೊಳೆದು, ಉಳಿದ ಬಿಳಿಯ ಹಂದರವನ್ನು ದ್ರವವಾಗಿಸಿ, ಆಮೇಲೆ ಗಾಸಿಗೊಂಡ ಸ್ನಾಯುವಿಗೆ ಸೂಜಿಯಲ್ಲಿ ಇಳಿಸುತ್ತಾರೆ. ಮೈಯ ಬಿಸಿಗೆ ಅದು ಲೋಳೆಯಾಗಿ ಹೆಪ್ಪುಗಟ್ಟಿ, ಕುಸಿಯುತ್ತಿರುವ ಹೃದಯದ ಗೋಡೆಗೆ ಆಸರೆಯಾಗುತ್ತದೆ. ಆ ಹಂದಿಗಳ ಗಾಯ ಒರೆಸಿ, ಮಗ್ಗುಲು ಬದಲಿಸಿ, ಎಬ್ಬಿಸಿ ನಿಲ್ಲಿಸುವವರು ಲಮ್ಯಾಯ್. ಹದಿನೇಳು ವರ್ಷಗಳ ಈ ಆರೈಕೆಗೆ ಯಾವ ಸಂಶೋಧನಾ ಪ್ರಬಂಧದ ಕೃತಜ್ಞತೆಯ ಸಾಲಿನಲ್ಲೂ ಜಾಗವಿಲ್ಲ.

ಈ ಹಂದಿ ಚೇತರಿಸಿಕೊಂಡು ದೊಡ್ಡಿಯುದ್ದಕ್ಕೂ ಓಡುತ್ತದೆ. ಎಷ್ಟು ವಾಸಿಯಾಗಿದೆಯೆಂದು ತಿಳಿಯಲು ಇಂದು ಅದನ್ನು ಕೊಂದು ಹೃದಯವನ್ನು ಸೀಳಿ ನೋಡಬೇಕು.

ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ ಗಂಡ ಖಮ್‌ಸಿಂಗ್, ಹೃದಯಾಘಾತದ ನಂತರ ದಿಂಬಿಗೊರಗಿ ಕೂತೇ ನಿದ್ರಿಸುತ್ತಾರೆ. ಅಂಟನ್ನದ ಒಂದು ತುತ್ತಿಗೂ ಏದುಸಿರು. "ನಂಗೂ ಒಂದು ನಂಬರ್ ಹಾಕಿಸಿ ನಿನ್ನ ದೊಡ್ಡೀಲಿ ಕೂರಿಸೇ," ಎಂದು ಹೆಂಡತಿಯನ್ನು ಛೇಡಿಸುತ್ತಾರೆ. ಆ ಸೂಜಿ ಗಂಡನಿಗೂ ಸಿಕ್ಕೀತೇ ಎಂದು ಲಮ್ಯಾಯ್ ಕೇಳಿಯೂ ನೋಡಿದರು. ಮನುಷ್ಯರ ಸರದಿಗೆ ಇನ್ನೂ ವರ್ಷಗಳಿವೆ. ಖಮ್‌ಸಿಂಗ್ ಈ ಮಳೆಗಾಲ ದಾಟಿದರೆ ಹೆಚ್ಚು ಎಂದಿದ್ದಾರೆ ವೈದ್ಯರು.

ಮೈಬಿಟ್ಟ ಚೈತನ್ಯ ಮರಳಲೆಂದು ಮುಂಗೈಗೆ ಬಿಳಿ ದಾರ ಕಟ್ಟುವುದು ಈ ಸೀಮೆಯ ರೂಢಿ. ಗಂಡನಿಗೆ ಕಟ್ಟಿ ಉಳಿದ ದಾರವನ್ನು ಲಮ್ಯಾಯ್, ಸೂಜಿ ಚುಚ್ಚುವ ದಿನ, ಈ ಹಂದಿಯ ಕಾಲಿಗೂ ಕಟ್ಟಿದ್ದರು. ಬ್ಯಾಂಕಾಕಿನಲ್ಲಿ ಬೆಳೆದ ಪಿಮ್, ಶಸ್ತ್ರಕ್ರಿಯೆಯ ಕೋಣೆಯಲ್ಲಿ ಅದನ್ನು ಕಂಡದ್ದೇ ಗದರಿ, ಕತ್ತರಿಯಾಡಿಸಿ ಎಸೆದರು. ಆ ದಾರವನ್ನು ಬಿಚ್ಚಬಹುದು, ಕತ್ತರಿಸಬಾರದು ಎಂಬುದು ಇಲ್ಲಿನವರ ನಂಬಿಕೆ.

"ತಪ್ಪು ನಂದೇ. ಕೊಳೆ ದಾರ, ನಂಜಾಗ್ತಿತ್ತು," ಎನ್ನುತ್ತಾರೆ ಲಮ್ಯಾಯ್ ಈಗ. "ಆದ್ರೆ ನೋಡಿ, ದಾರ ಕಳ್ಕೊಂಡದ್ದು ಎದ್ದು ಓಡ್ತು. ಕೈತುಂಬ ದಾರ ಇರೋರು ಎದ್ದೇ ಇಲ್ಲ. ಯಾರನ್ನ ಕೇಳೋದು?"

ಪಿಮ್ ದೊಡ್ಡಿಯ ಬಾಗಿಲು ತೆರೆಯುತ್ತಾರೆ. ಹಂದಿ ತಾನಾಗಿಯೇ, ಒಂದಿಷ್ಟೂ ಉಸಿರು ಕಟ್ಟದೆ, ಶಸ್ತ್ರಕ್ರಿಯೆಯ ಕೋಣೆಯತ್ತ ಏರು ಹತ್ತುತ್ತದೆ.

ಲಮ್ಯಾಯ್ ಬಕೆಟ್ ಮಗುಚಿಟ್ಟು, ಬರಿದಾದ ದೊಡ್ಡಿ ತೊಳೆಯಲು ನೀರಿನ ಪೈಪ್ ಎತ್ತಿಕೊಳ್ಳುತ್ತಾರೆ.

"ದೊಡ್ಡ ಆಸೆ ಏನಿಲ್ಲ ನಂಗೆ. ಇಲ್ಲಿ ವಾಸಿಯಾದದ್ದು ಒಂದಾದ್ರೂ ಮನೆಗೆ ನಡ್ಕೊಂಡು ಹೋಗ್ಬೇಕು."