ಮಣಿಕಟ್ಟಿನ ವಯಸ್ಸು

ಮಗ ವೇಗದ ಬೌಲರ್ ಅಂದರೆ ತಾಯಿ ಸದಾ ಬೀಗುತ್ತಿರಬೇಕು ಎಂದು ಜನ ತಿಳಿದಿದ್ದಾರೆ. ನನಗಂತೂ ಅವನು ಕೈಗೆ ಚೆಂಡು ಹಿಡಿದಾಗಿನಿಂದ ಒಂದಾದ ಮೇಲೊಂದು ದಿಗಿಲೇ. ಮೊದಲು ಒಡೆದದ್ದು ಜಯನಗರದ ನಮ್ಮ ಮನೆಯ ತಾರಸಿಯ ಮೇಲಿದ್ದ ಸೋಲಾರ್‌ನ ಗಾಜಿನ ಕೊಳವೆ. ಆಮೇಲೆ ಎದುರು ಮನೆಯವರ ಕಾರಿನ ಹಿಂದಿನ ಗಾಜು. ಅವರು ಬಾಗಿಲಿಗೆ ಬಂದು, ಬೈಯುವುದು ಬಿಟ್ಟು, ತಾರಸಿಯಿಂದ ಇಷ್ಟು ಜೋರಾಗಿ ಎಸೆದವನು ಯಾರು, ಕರೀರಿ ನೋಡೋಣ ಎಂದರು. ಕಡ್ಡಿಯಂಥ ಹುಡುಗ ಹೊರಗೆ ಬಂದು ನಿಂತಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ನನಗೂ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುವುದಿಲ್ಲ. ಕೋಣನಕುಂಟೆಯ ಕ್ರಿಕೆಟ್ ಕ್ಯಾಂಪಿಗೆ ಸೇರಿಸಲು ಕರೆದುಕೊಂಡು ಹೋದಾಗ ಅಲ್ಲಿನ ಕೋಚ್ ಮೊದಲು ಕೇಳಿದ್ದೇ ಚಿಕನ್ ಕೊಡ್ತೀರಾ ಮೇಡಂ ಎಂದು. ಸಾರು, ಅನ್ನ, ಮೊಸರು ಅಂದೆ. ಹಾಗಾದರೆ ಸ್ಪಿನ್ ಕಲಿಸೋಣ ಬಿಡಿ ಅಂದರು. ನನಗೆ ರೇಗಿತು. ಮೊದಲು ಒಂದು ಓವರ್ ಹಾಕಿಸಿ ನೋಡಿ, ಆಮೇಲೆ ನಮ್ಮ ಅಡುಗೆಮನೆ ವಿಚಾರ ಮಾತಾಡೋಣ ಎಂದೆ. ನೆಟ್ಟಿನಲ್ಲಿ ಬ್ಯಾಟ್ ಹಿಡಿದಿದ್ದ ದೊಡ್ಡ ಹುಡುಗ ಮೊದಲ ಚೆಂಡು ಆಡಿದವನೇ ಹೋಗಿ ಹೆಲ್ಮೆಟ್ ಹಾಕಿಕೊಂಡು ಬಂದ. ಕೋಚ್ ಸ್ಪಿನ್ ಮಾತನ್ನು ಮತ್ತೆ ಎತ್ತಲಿಲ್ಲ.

ಎಂಟನೇ ಕ್ಲಾಸಿನಲ್ಲಿ ಅವನು ಬೆಳೆದ ರೀತಿ ನೋಡಿ ನನಗೆ ಗಾಬರಿಯೇ ಆಯಿತು. ಶಾಲೆ ಶುರುವಾದಾಗ ಹೊಲಿಸಿದ ಯೂನಿಫಾರಂ ಪ್ಯಾಂಟು ದಸರಾ ಹೊತ್ತಿಗೆ ಪಾದ ಬಿಟ್ಟು ಮೇಲಕ್ಕೆ ಹೋಗಿತ್ತು. ಗಂಟಲು ಒಡೆಯಿತು, ಮೂಗಿನ ಕೆಳಗೆ ಕಪ್ಪು ಮೂಡಿತು. ನಮ್ಮತ್ತೆ ವಾರಕ್ಕೊಮ್ಮೆ ದೃಷ್ಟಿ ತೆಗೆದರು. ಎತ್ತರದ ಜೊತೆಗೆ ವೇಗವೂ ಏರಿತು, ಶಾಲೆಗಳ ಪಂದ್ಯದಲ್ಲಿ ಹೊಸ ಚೆಂಡು ಅವನ ಕೈಗೇ ಬರತೊಡಗಿತು. ಒಂದು ಪಂದ್ಯದಲ್ಲಿ, ಎದುರು ತಂಡದ ಹುಡುಗನೊಬ್ಬನ ತಂದೆ, ನಾನು ಯಾರೆಂದು ತಿಳಿಯದೆ, ಈ ಬೌಲರ್‌ಗೆ ಮದುವೆಯಾಗಿ ಮಕ್ಕಳಿರಬೇಕು ಮೇಡಂ ಎಂದರು. ಅವತ್ತು ನಾನೂ ಜೋರಾಗಿ ನಕ್ಕಿದ್ದೆ.

ಹದಿನೈದು ತುಂಬಿದ ಸ್ವಲ್ಪ ದಿನಕ್ಕೆ, ಹದಿನಾರರೊಳಗಿನವರ ರಾಜ್ಯ ತಂಡಕ್ಕೆ ಆರಿಸಬಹುದಾದ ಹುಡುಗರಲ್ಲಿ ಅವನ ಹೆಸರೂ ಬಂತು. ಎರಡು ವರ್ಷದಿಂದ ಅವನು ಬೆಳಗ್ಗೆ ಕತ್ತಲಲ್ಲೇ ಎದ್ದು ಓಡಿದ್ದು ಇದೊಂದಕ್ಕಾಗಿ. ಉಳಿದಿದ್ದು ಮೂಳೆ ಪರೀಕ್ಷೆ. ಮಣಿಕಟ್ಟಿನ ಎಕ್ಸ್‌-ರೇ ತೆಗೆದು, ಮೂಳೆ ಎಷ್ಟು ಬಲಿತಿದೆ ಎಂದು ನೋಡಿ, ವಯಸ್ಸು ಮುಚ್ಚಿಟ್ಟು ಬಂದವರನ್ನು ಹೊರಗಿಡುತ್ತಾರೆ. ಕೋಚ್ ಇದನ್ನು ವಿವರಿಸಿದಾಗ, ಮಕ್ಕಳ ಮಧ್ಯೆ ನುಗ್ಗುವ ಗಂಡಸರಿಗೆ ಹೀಗೇ ಆಗಬೇಕು ಎಂದು ನಾನು ದೊಡ್ಡ ಗಂಟಲಲ್ಲಿ ಹೇಳಿದ್ದೆ.

ಫಲಿತಾಂಶದ ದಿನ ಕೋಚ್ ಫೋನಿನಲ್ಲಿ ಏನೂ ಹೇಳಲಿಲ್ಲ, ಮಗನನ್ನು ಕರೆದುಕೊಂಡು ಕ್ರಿಕೆಟ್ ಸಂಸ್ಥೆಯ ಆಫೀಸಿಗೆ ಬನ್ನಿ ಅಂದರಷ್ಟೆ. ಯಜಮಾನರು ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದರು. ನಾವಿಬ್ಬರೇ ಹೋದೆವು, ಕೋಚ್ ಆಗಲೇ ಅಲ್ಲಿದ್ದರು. ಅಲ್ಲಿನ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದರು. ಮೂಳೆಯ ಪ್ರಕಾರ ನಿಮ್ಮ ಹುಡುಗ ಹದಿನಾರು ದಾಟಿದ್ದಾನೆ, ಈ ತಂಡಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಬರ್ತ್ ಸರ್ಟಿಫಿಕೇಟ್ ತೆಗೆದು ಮುಂದೆ ಹಿಡಿದೆ. ಅದು ಎಲ್ಲರ ಹತ್ತಿರವೂ ಇರುತ್ತದೆ ಎಂದರು. ಕೆಲವು ಮಕ್ಕಳ ಮೂಳೆ ವಯಸ್ಸಿಗಿಂತ ಬೇಗ ಬಲಿಯುತ್ತದಂತೆ. ಅದು ಅವರಿಗೂ ಗೊತ್ತಂತೆ. ಆದರೂ ನಿಯಮ ಎಲ್ಲರಿಗೂ ಒಂದೇ ಅಂತೆ. ಹೆತ್ತವಳು ಎದುರಿಗೇ ನಿಂತಿದ್ದೇನೆ, ಇವರು ಮೂಳೆಯನ್ನು ಕೇಳುತ್ತಾರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಇವನನ್ನು ಹೆತ್ತಿದ್ದು ನಿಮ್ಮ ಎಕ್ಸ್‌-ರೇ ಮಿಷನ್ನಾ ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಮಗನ ಕಡೆ ತಿರುಗಿ, ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು.

"ಮನೇಲಿ ನಿನ್ ಬರ್ತ್‌ಡೇ ಯಾವತ್ತಪ್ಪಾ ಮಾಡೋದು?"

"ಒಂದೊಂದ್ ವರ್ಷ ಒಂದೊಂದ್ ಡೇಟಿಗೆ ಸಾರ್," ಎಂದ ನನ್ನ ಮಗ.

ಕೋಚ್ ತಲೆ ಮೇಲೆ ಕೈಯಿಟ್ಟುಕೊಂಡರು. ಅವನು ಹೇಳಿದ್ದು ನಿಜವೇ. ಅವನು ಹುಟ್ಟಿದ್ದು ನಾಗರಪಂಚಮಿಯ ದಿನ. ನಮ್ಮತ್ತೆಗೆ ಇಂಗ್ಲಿಷ್ ತಾರೀಖು ಲೆಕ್ಕಕ್ಕೇ ಇಲ್ಲ. ಪಂಚಾಂಗದಲ್ಲಿ ಪಂಚಮಿ ಯಾವತ್ತೋ ಅವತ್ತೇ ಅವನಿಗೆ ಎಣ್ಣೆ ಸ್ನಾನ, ಆರತಿ, ಪಾಯಸ. ಅದು ಒಂದು ವರ್ಷ ಜುಲೈನಲ್ಲಿ ಬಂದರೆ ಇನ್ನೊಂದು ವರ್ಷ ಆಗಸ್ಟಿನಲ್ಲಿ ಬರುತ್ತದೆ. ಇದನ್ನೆಲ್ಲ ನಾನು ಆ ಆಫೀಸಿನಲ್ಲಿ ನಿಂತು ಬಿಡಿಸಿ ಬಿಡಿಸಿ ಹೇಳಿದೆ. ಶ್ರಾವಣ ಅಂದೆ, ಅಧಿಕಮಾಸ ಅಂದೆ, ಅತ್ತೆಯ ಹಟ ಅಂದೆ. ಹೇಳಿದಷ್ಟೂ ನನ್ನ ಮಾತು ನನಗೇ ಕಟ್ಟುಕತೆಯ ಹಾಗೆ ಕೇಳಿಸತೊಡಗಿತು. ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಪರವಾಗಿಲ್ಲ ಬಿಡಿ ಮೇಡಂ, ಮುಂದೆ ದೊಡ್ಡವರ ಟೀಮಿಗೆ ನೋಡೋಣ ಎಂದರು. ಆ ದನಿಯಲ್ಲಿ ಕನಿಕರವಿತ್ತು. ಸುಳ್ಳಿ ಎಂದು ಬೈದಿದ್ದರೂ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಸ್ಕೂಟರಿನಲ್ಲಿ ಮಗ ಹಿಂದೆ ಕೂತಿದ್ದ. ಅಳುತ್ತಿದ್ದಾನೇನೋ ಎಂದು ಕನ್ನಡಿಯಲ್ಲಿ ನೋಡಿದೆ. ಅಳುತ್ತಿರಲಿಲ್ಲ, ಏನೋ ಯೋಚಿಸುತ್ತಿದ್ದ. ಅವನಿಗೆ ಸಮಾಧಾನ ಆಗಲಿ ಎಂದು ಲಾಲ್‌ಬಾಗ್ ದಾಟುವ ತನಕ ನಾನು ಬಾಯಿ ಮುಚ್ಚಲಿಲ್ಲ. ಆಫೀಸಿನವರನ್ನು ಬೈದೆ, ಎಕ್ಸ್‌-ರೇ ನೋಡಿದ ಡಾಕ್ಟರನ್ನು ಬೈದೆ, ಅವನಿಗೆ ಅಷ್ಟು ತುಪ್ಪ ಬಡಿಸಿ ಬೆಳೆಸಿದ ನಮ್ಮತ್ತೆಯನ್ನೂ ಬಿಡಲಿಲ್ಲ. ಇವರು ಯಾರೂ ನಂಬದಿದ್ದರೆ ನಮಗೇನು, ನಿಜ ಏನಂತ ನಮಗೆ ಗೊತ್ತಲ್ಲ ಎಂದೆ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದಾಗ, ಅವನು ಮುಂದಕ್ಕೆ ಬಾಗಿ, ಯಾರಿಗೂ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಹೇಳಿದ.

"ಅಮ್ಮಾ, ನನ್ ಹತ್ರ ಆದ್ರೂ ನಿಜ ಹೇಳು. ನಾನ್ ಯಾರಿಗೂ ಹೇಳಲ್ಲ."

ಅಷ್ಟು ಹೊತ್ತು ವಟಗುಟ್ಟುತ್ತಿದ್ದ ನನಗೆ ಮನೆ ತಲುಪುವ ತನಕ ಮಾತೇ ಹೊರಡಲಿಲ್ಲ. ಅದನ್ನೇ ಅವನು ಉತ್ತರ ಎಂದುಕೊಂಡ.