ನಂಬರಿನ ಮುಂದಿನ ಗೆರಿ

ಸುಂದ್ರವ್ವ ಸಾಲಿ ಮೆಟ್ಲಾ ಹತ್ತಿದಾಕಿ ಅಲ್ಲ ನೋಡ್ರಿ. ಕಲಬುರ್ಗಿ ಕಡಿಂದ ಗಂಡನ ಜೋಡಿ ಬಂದು ಮುಂಬೈದಾಗ ಆಂಟಾಪ್ ಹಿಲ್ ಬಾಜೂ ಝೋಪಡಿ ಹಾಕಿದ್ಲು. ಬಿಲ್ಡಿಂಗ್ ಕೆಲಸ, ದಿನಾ ತಲಿ ಮ್ಯಾಲ ರೇತಿ ಬುಟ್ಟಿ. ಝೋಪಡಿ ಮ್ಯಾಲಿನ ನಾಕು ತಗಡಿನ ಪತ್ರಾ ಅಂದ್ರ ಅಕಿ ಜೀವ. ಒಂದೊಂದಾಗಿ ದುಡದು ತಂದಿದ್ಲು.

ಗಂಡ ಸಾಯಬಣ್ಣ ಟ್ರಕ್ ಕ್ಲೀನರ್. ಟ್ರಕ್ಕಿನ ಮೀಟರ್ ಓದಾಕ ಬರ್ತಿತ್ತಲ್ಲ, ಅದಕ್ಕ ಇಡೀ ಗಲ್ಲಿಗಿ ಅವನೇ ಪಂಡಿತ.

ಎಪ್ಪತ್ತರ ದಶಕದ ಮಾತು. ಸರ್ವೇದವರು ಬಂದು ಬಾಗಲ ಬಾಗಲಿಗಿ ಡಾಂಬರಿಲೆ ನಂಬರ್ ಬರದು ಹೋದ್ರು. ಗಲ್ಲಿ ಬಾಜೂಕ ಹೊಲಸು ನೀರಿನ ನಾಲಾ. ಅದರ ಆ ಕಡಿ ಕೊನೇ ಝೋಪಡಿ ದೂಜ ಅನ್ನಾಂವಂದು. ಮಂಗ್ಳೂರಾಂವ, ಹೋಟೆಲ್‌ನಾಗ ಬಟಾಟಿ ಸುಲೀತಿದ್ದ. ಅವಂದು 99999. ನಾಲಾದ ಮ್ಯಾಲ ಹಾಕಿದ್ದ ಹಲಗಿ ದಾಟಿ ಈ ಕಡಿ ಬಂದ್ರ ಮೊದಲ್ನೇದು ಗದಿಗೆಪ್ಪಂದು, 100000. ಸುಂದ್ರವ್ವಂದು ಇನ್ನೂ ಮುಂದ, 100047.

ಒಂದಿನ ಸಂಜಿಗಿ ಜೀಪ್ ಬಂತು, ಮ್ಯಾಲ ಮೈಕಿನ ಭೋಂಗಾ ಕಟ್ಟಿದ್ರು. "ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತಕ್ಕಿಂತ ದೊಡ್ಡ ನಂಬರ್ ಇದ್ದ ಝೋಪಡಿ ನಾಳೆ ಮುಂಜಾನಿ ಒಡೀತೇವಿ. ನೀವಾಗೇ ಬಿಚ್ಚಿಕೊಂಡ್ರ ಸಾಮಾನು ನಿಮ್ದು. ನಾವು ಒಡದ್ರ ಎಲ್ಲಾ ಟ್ರಕ್ಕಿಗಿ!"

ಜೀಪ್ ಹೋತು. ಮಂದಿ ತಂತಮ್ಮ ಬಾಗಲ ಮುಂದ ಬಂದು ನಂಬರ್ ನೋಡಾಕತ್ರು.

ಸಾಯಬಣ್ಣ ಮಾತ್ರ ನಕ್ಕ. "ಏ ಯಾಕ ಮಾರಿ ಸಣ್ಣ ಮಾಡೀರಿ? ಟ್ರಕ್ಕಿನ ಮೀಟರ್ ಐದೂ ಒಂಬತ್ತು ತುಂಬಿದ್ ಮ್ಯಾಲ ಏನಾಗ್ತದ? ಎಲ್ಲಾ ಸೊನ್ನಿ! ಗಾಡಿ ಹೊಸಾದು! ನಾಲಾ ದಾಟಿ ಹೊಸಾದಾಗಿ ಎಣಿಸ್ಯಾರ. ನಮ್ದು ಬರೇ ನಲವತ್ತೇಳು."

"ಮತ್ತ ಮುಂದ ಒಂದು ಅದಲ್ಲೋ?" ಗದಿಗೆಪ್ಪ ಕೇಳ್ದ.

"ಅದು ಗೆರಿ ಮಾವ. ಈ ಕಡಿ ಅಂತ ಗುರ್ತು. ನಿಂದಂತೂ ಪೂರಾ ಸೊನ್ನಿ. ನಿನ್ನ ಯಾರು ಮುಟ್ತಾರ?"

ಗಲ್ಲಿ ಮಂದಿಗಿ ಹೋದ ಉಸಿರು ಬಂತು. ಒಬ್ರೂ ಗಂಟು ಕಟ್ಟಲಿಲ್ಲ.

ಮುಂಜಾನಿ ಸುಂದ್ರವ್ವ ನೀರಿಗಂತ ಹಲಗಿ ದಾಟಿ ನಳದ ಕಡಿ ಹೋದ್ಲು. ದೂಜ ಬಾಗಲದಾಗ ಕುಂತು ಚಾ ಕುಡೀತಿದ್ದ. "ಏನು ಮಾರಾಯ್ತಿ, ಇವತ್ತು ನೀರಿಗೆ ಬಂದದ್ದಾ? ಸಾಮಾನು ಕಟ್ಲಿಲ್ವಾ?"

"ನಾವ್ಯಾಕ ಕಟ್ಟೂಣು ಅಣ್ಣ? ನಮ್ದು ಸಣ್ಣ ನಂಬರ್."

ದೂಜ ನಗಲಿಲ್ಲ. ಚಾ ಲೋಟ ಕೆಳಗಿಟ್ಟ.

ಅಕಿ ಅವನ ಮಾರಿ ನೋಡಿದ್ಲು. ಬಾಗಲ ನೋಡಿದ್ಲು. ಓದಾಕ ಬರದಿದ್ರೂ ಎಣಿಸಾಕ ಬರ್ತಿತ್ತು. ಐದು ಅಂಕಿ. ತಿರುಗಿ ಗದಿಗೆಪ್ಪನ ಬಾಗಲ ನೋಡಿದ್ಲು. ಬಟ್ಟು ಮಡಿಚಿ ಎಣಿಸಿದ್ಲು. ಆರು.

ಸೈಟಿನ್ಯಾಗ ಬುಟ್ಟಿ ಎಣಿಸೂದು ಹ್ಯಾಂಗ? ಬುಟ್ಟಿಗೊಂದು ಹರಳು. ಹತ್ತು ಹರಳಾದ್ರ ಅವನ್ನ ಬಳದು ಒಗದು, ಬಾಜೂಕ ಒಂದು ಇಟ್ಟಂಗಿ ನಿಂದರಸ್ತಾರ. ಹರಳಿನ ಜಾಗಾ ಖಾಲಿ ಆತಂತ ದುಡದಿದ್ದು ಹೋಗ್ತದೇನು? ಇಟ್ಟಂಗಿ ನಿಂತಿರ್ತದಲ್ಲ!

ಗಂಡ ಗೆರಿ ಅಂದ ಆ ಒಂದು ಅಂದ್ರ ಇದೇ ಇಟ್ಟಂಗಿ. ಟ್ರಕ್ಕಿನ ಮೀಟರಿಗಿ ಐದೇ ಖಾನಿ, ಆರನೇದಕ್ಕ ಜಾಗಾ ಇಲ್ಲ, ಅದಕ್ಕ ಅದು ಸೊನ್ನಿಗಿ ಬರ್ತದ. ಬಾಗಲಿಗೇನು ಜಾಗಕ್ಕ ಬರಗಾಲ?

ಕೊಡ ಅಲ್ಲೇ ಬಿಟ್ಟು ಓಡಿದ್ಲು. "ಬಿಚ್ರೋ! ನಮ್ದೆಲ್ಲಾ ದೊಡ್ಡ ನಂಬರ್ ಅದ! ಪತ್ರಾ ಬಿಚ್ರೋ!"

"ವೈನಿ ಗಾಡಿ ಯಾವಾಗ ಕಲ್ತ್ರಿ?" ಅಂತ ಯಾರೋ ಚಾಷ್ಟಿ ಮಾಡಿದ್ರು. ಗಲ್ಲಿ ನಕ್ಕಿತು.

ಸುಂದ್ರವ್ವ ಸೀರಿ ಕಚ್ಚಿ ಹಾಕಿ ಗ್ವಾಡಿ ಹತ್ತಿದ್ಲು. ಸಾಯಬಣ್ಣ ಹೊರಗ ಬಂದು ಒದರಿದ, "ಏ ಸುಂದ್ರಿ, ಇಳಿ! ಮಂದ್ಯಾಗ ನನ್ನ ಮಾನ ಕಳೀತಿ?"

"ನಿಮ್ಮ ಮಾನ ಆಮ್ಯಾಲ ತರೂಣು. ಈ ತುದಿ ಹಿಡೀರಿ."

ಮೊದಲ್ನೇ ಪತ್ರಾ ಕಿತ್ತು ಬಂತು. ಅಷ್ಟೊತ್ತಿಗೆ ರೋಡಿನ ಕಡಿಂದ ಗುಡುಗುಡು ಸಪ್ಪಳ. ಎರಡು ಟ್ರಕ್. ಒಬ್ಬಾಂವ ಕೈಯಾಗ ಕೋಲು ಹಿಡಕೊಂಡು ಬಾಗಲ ಓದಕೋತ ಬಂದ. ದೂಜನ ಬಾಗಲ ಮುಂದ ನಿಂತ. ಕೋಲಿಲೆ ಒಂದೊಂದ ಅಂಕಿ ಮುಟ್ಟಿದ. ಮುಂದ ನಡದ.

ಅವನ ಕಾಲಾಗ ಹಲಗಿ ಕಿರ್ ಅಂತು.

ಗದಿಗೆಪ್ಪ ಇನ್ನೂ ನಗಾಕತ್ತಿದ್ದ. ಸಾಯಬಣ್ಣ ಮಾತ್ರ ಹೆಂಡ್ತಿ ಮಾರಿ ನೋಡದೇ, ಎರಡನೇ ಪತ್ರಾದ ತುದಿ ಹಿಡದ.